ಪೋಸ್ಟರಿನ ಹುಡುಗಿ

ಜೂನ್ 4

ಗುಬ್ಬಿ,

ನಿಮ್ಮ ಆಫೀಸಿನ ಕಾಗದ ಬಂತು. ಟ್ರಸ್ಟಿನ ಹೊಸ ಪೋಸ್ಟರಿಗೆ 'ಸುಟ್ಟ ಗಾಯದಿಂದ ಚೇತರಿಸಿಕೊಂಡವರೊಬ್ಬರ ಫೋಟೋ' ಬೇಕು ಅಂತ ಟೈಪು ಮಾಡಿ, ಕೆಳಗೆ ನೀನು ಪೆನ್ಸಿಲ್ಲಿನಲ್ಲಿ ಸಣ್ಣಗೆ ಸೇರಿಸಿದ್ದೀಯ: 'ಅಕ್ಕಾ, ಯಾರಾದರೂ ಒಪ್ಪುತ್ತಾರಾ ಕೇಳಿ ನೋಡು.' ಯಾರನ್ನೋ ಯಾಕೆ ಕೇಳಲಿ? ನಾನೇನು ಸತ್ತುಹೋಗಿದ್ದೀನಾ?

ನನ್ನದೇ ಫೋಟೋ ಕಳಿಸಿದ್ದೀನಿ, ನೋಡು.

ಈ ವಿಷಯ ಹೊಲಿಗೆಮನೆಯಲ್ಲಿ ಹೇಳಿದಾಗ ಎಲ್ಲ ಮಿಷನ್ನುಗಳೂ ಒಟ್ಟಿಗೆ ನಿಂತುಬಿಟ್ಟವು. ಮೈ ಸುಟ್ಟ ನಮ್ಮ ಹುಡುಗಿಯರಿಗೆ ಫೋಟೋ ಅಂದರೆ ಗುರುತಿನ ಚೀಟಿಗೆ ತೆಗೆಸಿಕೊಂಡು ತಕ್ಷಣ ತಿರುವಿ ಇಡುವ ವಸ್ತು. ಬಟನ್ ಮಾತ್ರ "ಅಕ್ಕ, ಊರ ತುಂಬಾ ಅಂಟಿಸ್ತಾರಾ?" ಅಂದಳು. ಬಟನ್ ಯಾರು ಅಂತ ನಿನಗೆ ಗೊತ್ತಿಲ್ಲ ಅಲ್ವಾ? ಹೋದ ವರ್ಷ ಸೇರಿದವಳು. ಎಡಗೈಯ ಬೆರಳು ಮಡಚಿಕೊಂಡೇ ಉಳಿದಿವೆ, ಆದರೂ ಗುಂಡಿ ಹೊಲಿಯೋದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹತ್ತೊಂಬತ್ತು ವಯಸ್ಸು, ಬಿಸಿಲಿದ್ದರೂ ಕುತ್ತಿಗೆಗೆ ಸ್ಕಾರ್ಫು. "ಹೌದು, ಊರ ತುಂಬಾ" ಅಂದೆ. "ನಿಮಗೆ ಹುಚ್ಚು" ಅಂದಳು. ಹೇಳುವಾಗ ಅವಳ ಕಣ್ಣು ಹೊಳೀತಿತ್ತು.

ಸ್ಟುಡಿಯೋದವರ ಹತ್ತಿರ ಒಂದು ಸಣ್ಣ ಯುದ್ಧವೇ ಆಯಿತು. "ಸ್ವಲ್ಪ ಎಡಕ್ಕೆ ತಿರುಗಿ ಮೇಡಂ" ಅಂದರು. "ಯಾಕೆ?" ಅಂದೆ. "ಬೆಳಕು ಈ ಕಡೆಯಿಂದ ಚೆನ್ನಾಗಿದೆ." "ಬೆಳಕು ಚೆನ್ನಾಗಿದೆಯೋ, ಬಲಗೆನ್ನೆ ಚೆನ್ನಾಗಿದೆಯೋ?" ಪಾಪ, ಕೆಮ್ಮಿ ಕ್ಯಾಮೆರಾದ ಹಿಂದೆ ಅಡಗಿದರು. ನೇರವಾಗಿ ಕೂತೆ. ಎಡಗಡೆಯ ಕಿವಿ ಇಲ್ಲದ ಜಾಗ, ಎಳೆದುಕೊಂಡ ಬಾಯಿಯ ಮೂಲೆ, ಕುತ್ತಿಗೆಯ ಗಂಟುಗಂಟು ಚರ್ಮ, ಎಲ್ಲಾ ಕಾಣಬೇಕು ಅಂತಲೇ ಅಗಲ ಕತ್ತಿನ ನೀಲಿ ಅಂಗಿ ಹೊಲಿದುಕೊಂಡು ಹೋಗಿದ್ದೆ. ಅವರು ಗುಂಡಿ ಒತ್ತುವ ಹೊತ್ತಿಗೆ ಹೊರಗೆ ಯಾರೋ ಸೈಕಲ್ಲಿನಿಂದ ಬಿದ್ದು, ಸೈಕಲ್ಲಿಗೇ ಬೈಯತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ಆ ನಗುವೇ ಫೋಟೋದಲ್ಲಿ ಬಂದಿದೆ. ವಕ್ರವಾಗಿದೆ, ಆದರೆ ನನ್ನದೇ ನಗು.

ಆಸ್ಪತ್ರೆಯ ಸುಟ್ಟ ಗಾಯದ ವಾರ್ಡಿಗೆ ಹೊಸದಾಗಿ ಬಂದವರು ಇದನ್ನು ನೋಡಲಿ ಗುಬ್ಬಿ. ಇಷ್ಟಾದ ಮೇಲೂ ಒಬ್ಬಳು ಹಲ್ಲು ಬಿಟ್ಟು ನಗಬಹುದು ಅಂತ ಅವರಿಗೆ ಗೊತ್ತಾಗಲಿ. ಆ ದಿನಗಳಲ್ಲಿ ನನಗೆ ಯಾರೂ ಅದನ್ನು ತೋರಿಸಿರಲಿಲ್ಲ.

ಫೋನು ಮಾಡಬಾರದಾ ಅಂತ ಮತ್ತೆ ಕೇಳಬೇಡ. ಫೋನಿನ ಗಾಜು ನನ್ನ ಬೆರಳನ್ನು ಬೆರಳು ಅಂತಲೇ ಒಪ್ಪಲ್ಲ. ಪೆನ್ನು ಒಪ್ಪುತ್ತೆ.

ನಿನ್ನ,
ಅಕ್ಕ


ಆಗಸ್ಟ್ 19

ಗುಬ್ಬಿ,

ಯಾರು ಈ ಹುಡುಗಿ?

ಇವತ್ತು ಬೆಳಿಗ್ಗೆ ಟ್ರಸ್ಟಿನ ವ್ಯಾನು ಬಂದು ಪೋಸ್ಟರಿನ ಸುರುಳಿ ಇಳಿಸಿ ಹೋಯಿತು. ಹೊಲಿಗೆಮನೆಯವರೆಲ್ಲ ನನ್ನ ಸುತ್ತ ನಿಂತಿದ್ದರು. ಬಟನ್ ಕೈ ಒರೆಸಿಕೊಂಡು, ದೊಡ್ಡ ಕತ್ತರಿಯಿಂದ ದಾರ ಕತ್ತರಿಸಿದಳು. ಮೇಜಿನ ಮೇಲೆ ಬಿಡಿಸಿದೆವು.

ಮೊದಲು, ವಾರ್ಡಿಗೆ ಬಂದ ಹೊಸ ಹುಡುಗಿ ಇರಬೇಕು, ನನಗಿಂತ ಅವಳ ಫೋಟೋ ಚೆನ್ನಾಗಿ ಬಂದಿರಬೇಕು ಅಂದುಕೊಂಡೆ. ಆಗಲಿ, ಬೇಜಾರಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಹತ್ತಿರದಿಂದ ನೋಡಿದೆ. ಬಟ್ಟಲಿನಷ್ಟು ದೊಡ್ಡ ಕಣ್ಣು, ಅದರಲ್ಲಿ ನೀರು, ಒಂದೇ ಒಂದು ಹನಿ ಕೆನ್ನೆಯ ಮೇಲೆ ಅಳತೆ ಮಾಡಿ ಇಟ್ಟ ಹಾಗೆ. ಹುಬ್ಬು ಪೂರ್ತಿ ಇದೆ, ರೆಪ್ಪೆ ಪೂರ್ತಿ ಇದೆ. ಎರಡು ಕಿವಿಯೂ ಇವೆ. ಬಲಗೆನ್ನೆಯ ಮೇಲೆ ಮಾತ್ರ ಗುಲಾಬಿ ಬಣ್ಣದ ಒಂದು ಕಲೆ, ಎಲೆಯ ಆಕಾರ. ಹುಬ್ಬು ಸುಡದೆ ಕೆನ್ನೆ ಮಾತ್ರ ಸುಡುವ ಬೆಂಕಿ ಯಾವುದು? ಬೆಂಕಿಗೂ ಈಗ ಅಲಂಕಾರ ಮಾಡೋದು ಬರುತ್ತಾ?

ಕೆಳಗೆ ದಪ್ಪಕ್ಷರದಲ್ಲಿ: 'ನನ್ನ ನಗು ನನಗೆ ಮರಳಿ ಕೊಡಿ.'

ನಾನು ನಗು ಕಳಿಸಿದ್ದೆ ಕಣೆ. ಕವರಿಗೆ ಹಾಕಿ, ಅಂಚೆ ಚೀಟಿ ಹಚ್ಚಿ ಕಳಿಸಿದ್ದೆ.

ವಾರ್ಡಿನ ಹೆಡ್ ನರ್ಸ್ ಹತ್ತಿರ ಓಡಿದೆ. "ಇಂಥವಳು ನಮ್ಮಲ್ಲಿ ಯಾವತ್ತೂ ದಾಖಲಾಗಿಲ್ಲ" ಅಂದರು. ವಾಪಸು ಬಂದಾಗ ಬಟನ್ ಹೇಳಿದಳು: "ಅಕ್ಕ, ಇವಳು ಎಲ್ಲಿಯೂ ಇಲ್ಲ. ಇದು ಕಂಪ್ಯೂಟರ್ ಮಾಡಿದ ಚಿತ್ರ. ನಮಗೆ ಎಂಥದ್ದು ಬೇಕು ಅಂತ ಮಾತಿನಲ್ಲಿ ಬರೆದರೆ ಸಾಕು, ಮಾಡಿಕೊಡುತ್ತೆ." ಅವಳ ಫೋನಿನಲ್ಲೂ ಅಂಥದ್ದೊಂದು ಇದೆಯಂತೆ. ತೋರಿಸಿದಳು. 'ಹೊಲಿಗೆ ಟೀಚರ್' ಅಂತ ಬರೆದಳು. ಇಪ್ಪತ್ತರ ಚೆಲುವೆಯೊಬ್ಬಳು ಬಂದಳು. 'ಮುಖ ಸುಟ್ಟ ಹೊಲಿಗೆ ಟೀಚರ್' ಅಂತ ಬರೆದಳು. ಅದೇ ಚೆಲುವೆ ಬಂದಳು, ಕೆನ್ನೆಗೆ ಒಂಚೂರು ಕುಂಕುಮ ತಾಗಿದ ಹಾಗಿತ್ತು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಇದನ್ನು ಮಾಡಿದವರು ಯಾರು? ನೀನಲ್ಲ ಅಂತ ಬರೆ. ಒಂದು ಸಾಲು ಸಾಕು.

ಅಕ್ಕ


ಸೆಪ್ಟೆಂಬರ್ 2

ಅಕ್ಕಾ,

ನಾನೇ.

ಒಂದು ಸಾಲು ಸಾಕು ಅಂದಿದ್ದೆ ನೀನು. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ನೀನು ಇನ್ನು ಯಾವತ್ತೂ ಬರೆಯಲ್ಲ. ದಯವಿಟ್ಟು ಪೂರ್ತಿ ಓದು.

ನಿನ್ನ ಫೋಟೋವನ್ನು ನಾನು ಸಭೆಯಲ್ಲಿ ಇಟ್ಟೆ. ದೊಡ್ಡದಾಗಿ ಮಾಡಿಸಿ, ಮೇಜಿನ ನಡುವೆ ನಿಲ್ಲಿಸಿದೆ. ಕಾರ್ಯದರ್ಶಿಗಳು ತುಂಬಾ ಹೊತ್ತು ನೋಡಿ, "ಧೈರ್ಯವಂತೆ" ಅಂದರು. ಆಮೇಲೆ, "ಆದರೆ ಇದನ್ನು ಬಸ್ ನಿಲ್ದಾಣದಲ್ಲಿ ಹಾಕಿದರೆ ಜನ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಮುಖ ತಿರುಗಿಸಿದವರು ಕೊಡೋದಿಲ್ಲ" ಅಂದರು. ಇನ್ನೊಬ್ಬರು, "ನಗುತ್ತಾ ಇದ್ದಾರಲ್ಲ, ಇವರಿಗೆ ಸಹಾಯ ಯಾಕೆ ಬೇಕು ಅನಿಸುತ್ತೆ" ಅಂದರು. ನಾನು ವಾದ ಮಾಡಿದೆ ಅಕ್ಕಾ. ಮಾಡಿದೆ ಅಂತ ಹೇಳಿದರೆ ನಂಬುತ್ತೀಯೋ ಇಲ್ಲವೋ.

ಆಮೇಲೆ ಹಳೆಯ ವಿಷಯ ತೆಗೆದರು. ನಿನಗೂ ನೆನಪಿರಬೇಕು, ಮೊದಲು ಒಬ್ಬ ಹುಡುಗಿಯ ಫೋಟೋ ಹಾಕಿದ್ದೆವು. ಅವಳೂ ಒಪ್ಪಿಗೆ ಕೊಟ್ಟಿದ್ದಳು. ಆ ಪೋಸ್ಟರ್ ಅವಳ ಗಂಡನ ಕೆಲಸದ ಜಾಗದ ಗೋಡೆಯ ಮೇಲೂ ಬಂತು. ಅವನ ಜೊತೆಯವರು ಆಡಿಕೊಂಡರು. ಮನೆಯಲ್ಲಿ ಜಗಳವಾಗಿ ಅವಳು ತವರಿಗೆ ಹೋದಳು. ಅವಳ ಅಮ್ಮ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ಕೂತು ಅತ್ತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಇಲ್ಲದಿರುವ ಹುಡುಗಿಯಾದರೆ ಯಾರಿಗೂ ಏನೂ ಆಗಲ್ಲ. ಇಲ್ಲದವಳಿಗೆ ಗಂಡನೂ ಇಲ್ಲ, ಅಮ್ಮನೂ ಇಲ್ಲ. ಇದು ಕೆಟ್ಟ ಯೋಚನೆಯಾ? ನನಗೆ ಆವತ್ತು ಒಳ್ಳೆಯ ಯೋಚನೆ ಅನಿಸಿತು.

ಹಾಗಾಗಿ ಬರೆದೆ. ಮೊದಲು ಬಂದ ಚಿತ್ರಗಳಲ್ಲಿ ಗಾಯವೇ ಇರಲಿಲ್ಲ. ಮತ್ತೆ ಬರೆದೆ, ಸಿನಿಮಾದ ಭೂತದಂಥದ್ದು ಬಂತು. ಕಾರ್ಯದರ್ಶಿಗಳು ನನ್ನ ಕುರ್ಚಿಯ ಹಿಂದೆ ನಿಂತು ಒಂದೊಂದೇ ಮಾತು ಹೇಳುತ್ತಾ ಹೋದರು. "ಗಾಯ ಕಡಿಮೆ ಮಾಡು. ಕಣ್ಣು ದೊಡ್ಡದು ಮಾಡು. ಕಣ್ಣೀರು ಹಾಕು. ಇನ್ನೂ ಚಿಕ್ಕ ವಯಸ್ಸು." ಬಟ್ಟೆ ಅಂಗಡಿಯಲ್ಲಿ ಬಣ್ಣ ಆರಿಸಿದ ಹಾಗೆ. ಕೊನೆಗೆ ಬಂದವಳನ್ನು ನೋಡಿ ಕೋಣೆಯಲ್ಲಿದ್ದವರೆಲ್ಲ "ಅಯ್ಯೋ ಪಾಪ" ಅಂದರು. ಅಷ್ಟೇ ಬೇಕಾಗಿತ್ತು ಅವರಿಗೆ.

ಕೋಪ ಇರಲಿ. ಆದರೆ ನನ್ನನ್ನು ಬಿಡಬೇಡ.

ಗುಬ್ಬಿ


ಸೆಪ್ಟೆಂಬರ್ 15

ಗುಬ್ಬಿ,

ಪೂರ್ತಿ ಓದಿದೆ. ಎರಡು ಸಲ ಓದಿದೆ. ಈಗ ನೀನು ಓದು.

ಆ ಹುಡುಗಿಯ ಸಂಸಾರ ಹಾಳಾಗಿದ್ದು ಪೋಸ್ಟರಿನಿಂದಲ್ಲ, ಗಂಡನಿಂದ. ಅವನ ಜೊತೆ ಹಲ್ಲು ಕಿರಿದವರಿಂದ. ತಪ್ಪು ಮಾಡಿದವರು ಗೋಡೆಯ ಈಚೆ ನಿಂತಿದ್ದರು, ನೀವು ಗೋಡೆಯ ಮೇಲಿದ್ದವಳನ್ನು ಕಿತ್ತುಹಾಕಿದಿರಿ. ಇನ್ನು ಮೇಲೆ ಯಾವ ಗಂಡನಿಗೂ ಮುಜುಗರ ಆಗದ ಮುಖವನ್ನು ಅಲ್ಲಿ ಅಂಟಿಸಿದ್ದೀರಿ. ನಮ್ಮನ್ನು ಕಾಪಾಡಿದೆವು ಅಂತ ಹೇಳಿಕೊಳ್ಳುತ್ತೀರಿ. ಕಾಪಾಡಿದ್ದು ನೋಡುವವರನ್ನು ಕಣೆ, ನಮ್ಮನ್ನಲ್ಲ.

ಇಲ್ಲದವಳಿಂದ ಯಾರಿಗೂ ಏನೂ ಆಗಲ್ಲ ಅಂತ ಬರೆದಿದ್ದೀಯ. ಏನಾಯಿತು ಅಂತ ಹೇಳುತ್ತೀನಿ, ಕೇಳು.

ಆ ಪೋಸ್ಟರನ್ನು ವಾರ್ಡಿನ ಒಳಗೂ ಅಂಟಿಸಿ ಹೋಗಿದ್ದಾರೆ, ಕಿಟಕಿಯ ಎದುರಿನ ಗೋಡೆಗೆ. ಮೊನ್ನೆ ಅಳತೆ ತೆಗೆಯೋಕೆ ಹೋಗಿದ್ದೆ. ಗೊತ್ತಲ್ಲ, ಗಾಯ ಉಬ್ಬದ ಹಾಗೆ ಹಗಲೂ ರಾತ್ರಿ ಮೈಗೆ ಬಿಗಿಯಾಗಿ ಹಾಕಿಕೊಳ್ಳೋ ಬಟ್ಟೆ ನಾವೇ ಹೊಲಿಯೋದು. ಮೂಲೆಯ ಹಾಸಿಗೆಯಲ್ಲಿ ಒಬ್ಬಳು ಬೇಕರಿ ಕೆಲಸದವಳು ಇದ್ದಾಳೆ. ಒಲೆಯ ಬಾಗಿಲು ಸಿಡಿದು ಮುಖ, ಕುತ್ತಿಗೆ ಪೂರ್ತಿ ಹೋಗಿದೆ. ಪಟ್ಟಿ ಸುತ್ತಿಕೊಂಡು ವಾರಗಟ್ಟಲೆ ಮಲಗಿದ್ದವಳಿಗೆ, ಒಂದು ಕಣ್ಣು ತೆರೆದಾಗೆಲ್ಲ ಎದುರಿಗೆ ಕಾಣುತ್ತಿದ್ದದ್ದು ನಿಮ್ಮ ಹುಡುಗಿ. ಅವಳು ತಂಗಿಗೆ ಹೇಳುತ್ತಿದ್ದಳಂತೆ: "ಅಷ್ಟೇ ಅಲ್ವಾ? ಕೆನ್ನೆ ಮೇಲೆ ಅಷ್ಟು ಕಲೆ ಆದರೆ ಆಗಲಿ ಬಿಡು." ಆ ಆಸೆಯ ಮೇಲೆ ಗಂಜಿ ಕುಡಿದಳು, ಕೈ, ಕುತ್ತಿಗೆ ಎತ್ತುವ ವ್ಯಾಯಾಮ ಮಾಡಿದಳು, ನೋವು ನುಂಗಿದಳು. ಹೋದ ಸೋಮವಾರ ಪಟ್ಟಿ ತೆಗೆದು ಕನ್ನಡಿ ಕೊಟ್ಟರು.

ಅವಳು ಕೂಗಲಿಲ್ಲ ಗುಬ್ಬಿ. ಕನ್ನಡಿ ನೋಡಿದಳು, ಪೋಸ್ಟರ್ ನೋಡಿದಳು, ಮತ್ತೆ ಕನ್ನಡಿ ನೋಡಿದಳು. "ಇವರು ನನಗೆ ಸರಿಯಾಗಿ ಚಿಕಿತ್ಸೆ ಕೊಡಲಿಲ್ಲ" ಅಂದಳು. ಅಷ್ಟೇ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದವಳು ವ್ಯಾಯಾಮ ಬಿಟ್ಟಿದ್ದಾಳೆ. ಡಾಕ್ಟರ ಮೇಲೆ ನಂಬಿಕೆ ಹೋಗಿದೆ. ಕುತ್ತಿಗೆಯ ಚರ್ಮ ಬಿಗಿದು ಗದ್ದವನ್ನು ಎದೆಯ ಕಡೆಗೆ ಎಳೆಯತೊಡಗಿದೆ. ನಾನು ಪಕ್ಕದಲ್ಲಿ ಕೂತು, ನನ್ನ ಮುಖ ತೋರಿಸಿ, "ನನ್ನ ನೋಡು ತಾಯಿ, ಚೆನ್ನಾಗೇ ವಾಸಿಯಾಗಿದ್ದೀನಿ" ಅಂದೆ. ಅವಳು ಹೇಳಿದ್ದೇನು ಗೊತ್ತಾ? "ನಿಮಗೂ ಸರಿಯಾಗಿ ಮಾಡಿಲ್ಲ."

ಪೋಸ್ಟರ್ ಹರಿದುಹಾಕಿದೆ. ಹೆಡ್ ನರ್ಸ್ ನೋಡಿಯೂ ನೋಡದ ಹಾಗೆ ಔಷಧಿ ಬೀರುವಿನ ಕಡೆ ತಿರುಗಿ ನಿಂತರು.

ಇನ್ನೊಂದು ಮಾತು ಕೇಳಬೇಕು. ಕೇಳಬಾರದು ಅಂತ ಮೂರು ದಿನ ತಡೆದುಕೊಂಡೆ. ನನ್ನ ಪಕ್ಕದ ಹಾಸಿಗೆಯಲ್ಲಿ ನಿನ್ನ ಅಮ್ಮ ಇದ್ದರು. ಕೊನೆಯ ತನಕ ನೀನು ಅವರ ಮುಖ ನೋಡುತ್ತಾ ಕೂತಿದ್ದೆ, ಒಂದು ದಿನವೂ ತಿರುಗಿಸಿಕೊಳ್ಳಲಿಲ್ಲ. ಅವರ ಪಕ್ಕ ಕೂತು ಪಟಪಟ ಮಾತಾಡುತ್ತಿದ್ದೆ ಅಂತಲೇ ಅಲ್ಲವಾ ವಾರ್ಡೆಲ್ಲ ನಿನಗೆ ಗುಬ್ಬಿ ಅಂತ ಹೆಸರಿಟ್ಟಿದ್ದು? ಆ ಮುಖ ನೋಡಿದವಳ ಕೈಗೆ ಈ ಎಲೆ ಕಲೆ ಬರೆಯೋಕೆ ಹೇಗೆ ಮನಸ್ಸು ಬಂತು?

ಅಕ್ಕ


ಅಕ್ಟೋಬರ್ 21

ಅಕ್ಕಾ,

ನಿನ್ನ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಈಗಲೂ ಬರೆಯುತ್ತಿರಲಿಲ್ಲ. ಕಾರ್ಯದರ್ಶಿಗಳು ಹೇಳಿ ಬರೆಸುತ್ತಿದ್ದಾರೆ. ನನ್ನ ಮಾತಲ್ಲ ಇದು, ಅವರದು. ಹಾಗೆಯೇ ಓದು.

ಬಟ್ಟೆ ಗಿರಣಿಯ ಯಜಮಾನಿ ಒಬ್ಬರಿದ್ದಾರೆ. ವಯಸ್ಸಾಗಿದೆ, ಗಂಡ ತೀರಿಕೊಂಡಿದ್ದಾರೆ. ಆ ಪೋಸ್ಟರನ್ನು ತಮ್ಮ ಕೋಣೆಯಲ್ಲಿ ಚೌಕಟ್ಟು ಹಾಕಿಸಿ ಇಟ್ಟುಕೊಂಡಿದ್ದಾರಂತೆ. ದಿನಾ ಅವಳ ಹತ್ತಿರ ಮಾತಾಡುತ್ತಾರಂತೆ. ನಿಮ್ಮ ಹೊಲಿಗೆಮನೆಗೆ ಸ್ವಂತ ಕಟ್ಟಡ ಕಟ್ಟಿಸಿಕೊಡುತ್ತೀನಿ ಅಂದಿದ್ದಾರೆ. ಸೋರದ ಚಾವಣಿ, ಒಳ್ಳೆಯ ಬೆಳಕು, ಹೊಸ ಮಿಷನ್ನು. ಕೇಳಿದ್ದು ಒಂದೇ: ಆ ಹುಡುಗಿಯನ್ನು ಒಂದು ಸಲ ನೋಡಬೇಕು, ತಲೆ ಸವರಬೇಕು.

ನಿಜ ಹೇಳಿಬಿಡೋಣ ಅಂತ ನಾನು ಅಂದೆ. "ಹೇಳಿದರೆ ಇಡೀ ಟ್ರಸ್ಟಿನ ಮಾನ ಹೋಗುತ್ತೆ" ಅಂದರು. ನಿಮ್ಮಲ್ಲಿ ಹತ್ತೊಂಬತ್ತು ವರ್ಷದವಳು ಒಬ್ಬಳು ಇದ್ದಾಳಂತಲ್ಲ, ಮುಖ ಬಹಳ ಕೆಟ್ಟಿಲ್ಲವಂತೆ, ಅವಳನ್ನು ಒಂದು ಗಂಟೆಯ ಮಟ್ಟಿಗೆ ಕಳಿಸಿಕೊಡಬೇಕಂತೆ. ಉಳಿದದ್ದನ್ನು ಮೇಕಪ್ ಮಾಡುವವರು ನೋಡಿಕೊಳ್ಳುತ್ತಾರಂತೆ.

ಕ್ಷಮಿಸು.

ಗುಬ್ಬಿ


ಅಕ್ಟೋಬರ್ 25

ಗುಬ್ಬಿ,

ಆಗಲ್ಲ.

ನಿನ್ನ ಕಾರ್ಯದರ್ಶಿಗೆ ಓದಿ ಹೇಳು. ಸುಳ್ಳಿಗೆ ಹೊಂದುವ ಹಾಗೆ ಮನುಷ್ಯರನ್ನು ಕತ್ತರಿಸಿ ಹೊಲಿಯೋ ಕೆಲಸ ನಮ್ಮ ಹೊಲಿಗೆಮನೆಯಲ್ಲಿ ಆಗಲ್ಲ. ಚಾವಣಿ ಸೋರಿದರೆ ಬಕೆಟ್ಟು ಇಡುತ್ತೀವಿ. ಮುಖ ಬಹಳ ಕೆಟ್ಟಿಲ್ಲ ಅಂತ ಅಳೆದು ನೋಡಿದವರು ಯಾರು? ಯಾವಾಗ ಬಂದು ನೋಡಿಕೊಂಡು ಹೋದರು? ಅದನ್ನೂ ಕೇಳು.

'ನನ್ನ ಮಾತಲ್ಲ, ಅವರದು' ಅಂತ ಇನ್ನೊಂದು ಸಲ ನನಗೆ ಬರೆಯಬೇಡ. ಬರೆದ ಕೈ ನಿನ್ನದು.

ಅಕ್ಕ


ನವೆಂಬರ್ 30

ಗುಬ್ಬಿ,

ಬರೆಯಬಾರದು ಅಂತಿದ್ದೆ. ಆದರೆ ಗಿರಣಿಯ ಯಜಮಾನಿ ಬಂದ ದಿನ ನೀನು ಅಲ್ಲಿ ಇರಲಿಲ್ಲ. ಜ್ವರ ಅಂತ ರಜೆ ಹಾಕಿದ್ದೀಯ ಅಂದರು. ಏನು ನಡೆಯಿತು ಅಂತ ನಿಮ್ಮವರು ನಿನಗೆ ಬೇರೆ ಥರ ಹೇಳಿರುತ್ತಾರೆ. ನನ್ನ ಬಾಯಿಂದಲೂ ಕೇಳು.

ನಾನು ಆಗಲ್ಲ ಅಂದ ಮೇಲೆ ನಿಮ್ಮ ಕಾರ್ಯದರ್ಶಿ ಬಟನ್‌ಗೇ ನೇರವಾಗಿ ಫೋನು ಮಾಡಿದ್ದಾನೆ. ಇವಳು ಒಪ್ಪಿಕೊಂಡಿದ್ದಾಳೆ. ನನಗೆ ಗೊತ್ತಾದದ್ದು ಹಿಂದಿನ ದಿನ ಮಧ್ಯಾಹ್ನ, ಊಟದ ಡಬ್ಬಿ ಮುಚ್ಚುತ್ತಾ ಅವಳೇ ಹೇಳಿದಾಗ. ನನಗೆ ಮೈಯೆಲ್ಲ ಉರಿದುಹೋಯಿತು. "ಕಟ್ಟಡಕ್ಕೋಸ್ಕರ ಒಪ್ಪಿದೆಯಾ? ನಮ್ಮನ್ನು ಯಾರು ಅಂದುಕೊಂಡೆ?" ಅಂತ ಎಲ್ಲರ ಮುಂದೆ ಕೂಗಾಡಿದೆ.

ಅವಳು ಡಬ್ಬಿಯ ಮುಚ್ಚಳ ತಿರುಗಿಸುತ್ತಲೇ ಇದ್ದಳು. "ಕಟ್ಟಡಕ್ಕಲ್ಲ ಅಕ್ಕ" ಅಂದಳು. "ಆ ಹುಡುಗಿ ಎಷ್ಟು ಚೆನ್ನಾಗಿದ್ದಾಳೆ. ಸುಟ್ಟರೂ ಜನ ಅವಳನ್ನು ಪ್ರೀತಿ ಮಾಡ್ತಾರೆ. ಒಂದು ಗಂಟೆ ನಾನು ಅವಳಾದರೆ ಏನು ತಪ್ಪು?"

ಆ ಪೋಸ್ಟರನ್ನು ತನ್ನ ಕೋಣೆಯ ಕನ್ನಡಿಯ ಪಕ್ಕದಲ್ಲಿ ಅಂಟಿಸಿಕೊಂಡಿದ್ದಾಳೆ ಅಂತ ನಮ್ಮ ಹುಡುಗಿಯರಲ್ಲಿ ಎಲ್ಲರಿಗಿಂತ ದೊಡ್ಡವಳು ಆಮೇಲೆ ಹೇಳಿದಳು. ಇದೂ ನಿಮ್ಮ ಚಿತ್ರದ್ದೇ ಕೆಲಸ. ಅವಳನ್ನು ತಡೆಯೋಕೆ ನಾನು ಅವಳ ಅಮ್ಮನೂ ಅಲ್ಲ, ಅತ್ತೆಯೂ ಅಲ್ಲ. "ನಾನೂ ಬರ್ತೀನಿ" ಅಂದೆ. "ಬೈಯೋಕಾ?" ಅಂದಳು. "ಇಲ್ಲ. ಪಕ್ಕದಲ್ಲಿ ಕೂರೋಕೆ."

ಟ್ರಸ್ಟಿನ ಸಭಾಂಗಣದ ಹಿಂದಿನ ಕೋಣೆಯಲ್ಲಿ ಮೇಕಪ್ಪಿನವಳು ಪೋಸ್ಟರನ್ನು ಕನ್ನಡಿಗೆ ಸಿಕ್ಕಿಸಿಕೊಂಡು ಕೆಲಸ ಮಾಡಿದಳು. ಬಟನ್‌ನ ನಿಜವಾದ ಗಾಯ ಎಡಗಡೆ, ದವಡೆಯಿಂದ ಕುತ್ತಿಗೆಗೆ ಇಳಿದಿದೆ. ಅದರ ಮೇಲೆ ಬಣ್ಣ ಮೆತ್ತಿ, ಸ್ಕಾರ್ಫು ಸುತ್ತಿ ಮುಚ್ಚಿದಳು. ಏನೂ ಆಗದ ಬಲಗೆನ್ನೆಯ ಮೇಲೆ ಆ ಎಲೆ ಬರೆದಳು. ಮಡಚಿದ ಕೈಯನ್ನು ಶಾಲಿನ ಒಳಗಿಡು ಅಂದಳು. ಸುಟ್ಟವಳ ಸುಟ್ಟ ಗಾಯ ಮುಚ್ಚಿ, ಸುಡದ ಕಡೆ ಗಾಯ ಬರೆಯೋದನ್ನು ನನ್ನ ಈ ಕಣ್ಣಿನಿಂದ ನೋಡಿದೆ. ಮಾತು ಕೊಟ್ಟಿದ್ದೆ ಅಂತ ಸುಮ್ಮನೆ ಕೂತಿದ್ದೆ.

ಗಿರಣಿಯಮ್ಮ ಬಂದರು. ಕೆಟ್ಟವರಲ್ಲ ಗುಬ್ಬಿ, ಅದೇ ಕಷ್ಟ. ಬೆಳ್ಳಗಾದ ತಲೆ, ನಡುಗುವ ಕೈ. ಬಾಗಿಲಿನಿಂದಲೇ "ಬಂದೆಯಾ ಮಗಳೇ" ಅಂತ ಬಂದರು. ಬಟನ್‌ನ ಬಲಗೈ ಹಿಡಿದುಕೊಂಡು ಕೂತರು. ಕಾರ್ಯದರ್ಶಿ ಮಧ್ಯೆ ನಿಂತು ಎಲ್ಲದಕ್ಕೂ ತಾನೇ ಉತ್ತರ ಹೇಳುತ್ತಿದ್ದ. ಹೇಗಾಯಿತು ಅಂದರೆ ಅವನು ಹೇಳಿದ, ಯಾರಿದ್ದಾರೆ ಮನೆಯಲ್ಲಿ ಅಂದರೆ ಅವನು ಹೇಳಿದ. ಇವಳು ತಲೆ ಆಡಿಸುತ್ತಿದ್ದಳು. ಮುಖದ ಮೇಲೆ ಎಂಥ ಸಂತೋಷ ಇತ್ತು ಅಂತೀಯ! ಅಷ್ಟು ಹತ್ತಿರ ಕೂತು ಅವಳ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ.

ಆಮೇಲೆ ಆ ಅಮ್ಮ ಕೇಳಿದರು: "ಈಗಲೂ ನೋಯುತ್ತಾ ಮಗಳೇ?"

ಕಾರ್ಯದರ್ಶಿ "ಇಲ್ಲ, ನಿಮ್ಮಂಥವರ..." ಅನ್ನುವಷ್ಟರಲ್ಲಿ ಬಟನ್ ಬಾಯಿಬಿಟ್ಟಳು. ಅದನ್ನು ಅವಳಿಗೆ ಯಾರೂ ಯಾವತ್ತೂ ಕೇಳಿರಲಿಲ್ಲ ಅಂತ ಕಾಣುತ್ತೆ. "ನೋವಿಲ್ಲ ಅಮ್ಮ. ತುರಿಕೆ. ಸೆಖೆಯಾದರೆ ತಡೆಯೋಕಾಗಲ್ಲ. ಅಲ್ಲಿ ಬೆವರೇ ಬರಲ್ಲ, ಒಳಗೇ ಕುದಿಯುತ್ತೆ" ಅಂತ ಕುತ್ತಿಗೆಯನ್ನು ಮುಟ್ಟಿಕೊಂಡಳು.

"ಕುತ್ತಿಗೆಯಾ? ಕೆನ್ನೆ ಅಲ್ವಾ?"

"ಕೆನ್ನೆಗೆ ಏನೂ ಆಗಿಲ್ಲ ಅಮ್ಮ" ಅಂದಳು ಬಟನ್. ಅಂದು, ಸ್ಕಾರ್ಫು ತೆಗೆದಳು. ಧೈರ್ಯದಿಂದಲ್ಲ. ಪ್ರೀತಿಯಿಂದ ಕೇಳಿದವರಿಗೆ ತೋರಿಸಬಹುದು ಅಂದುಕೊಂಡು, ಅಮ್ಮನಿಗೆ ತೋರಿಸೋ ಹಾಗೆ ತೆಗೆದಳು. ಶಾಲಿನ ಒಳಗಿಂದ ಆ ಕೈಯನ್ನೂ ಹೊರಗೆ ತಂದು ಅವರ ಕೈಯ ಮೇಲೆ ಇಟ್ಟಳು.

ಗಿರಣಿಯಮ್ಮ ಕೈ ಹಿಂದೆ ಎಳೆದುಕೊಂಡರು. ಅವರಿಗೂ ಗೊತ್ತಿಲ್ಲದೆ ಎಳೆದುಕೊಂಡಿರಬೇಕು. ಒಂದು ಕ್ಷಣ ಅವಳನ್ನು ನೋಡಿದರು. ಆಮೇಲೆ ಕಾರ್ಯದರ್ಶಿಯ ಕಡೆ ತಿರುಗಿ, "ಇವಳಲ್ಲ" ಅಂದರು. "ಇವಳು ಬೇರೆ ಯಾರೋ. ನನಗೆ ಆ ಹುಡುಗಿ ಬೇಕು. ಎಲ್ಲಿ ಅವಳು?"

ಅಲ್ಲಿಯ ತನಕ ಸುಮ್ಮನಿದ್ದೆ ಗುಬ್ಬಿ. ಎದ್ದು ನಿಂತೆ. "ಅಮ್ಮ, ಆ ಹುಡುಗಿ ಇಲ್ಲ. ಹುಟ್ಟೇ ಇಲ್ಲ. ಅಯ್ಯೋ ಅನಿಸಬೇಕು ಅಂತ ಮಾತು ಹೇಳಿ ಕಂಪ್ಯೂಟರಿನ ಕೈಲಿ ಮಾಡಿಸಿದ ಚಿತ್ರ ಅದು. ಇವಳು ಇದ್ದಾಳೆ. ನೋಡಿ, ನಿಮ್ಮ ಪಕ್ಕದಲ್ಲೇ ಕೂತಿದ್ದಾಳೆ" ಅಂದೆ.

ಅವರು ಕುರ್ಚಿಯ ಕೈ ಹಿಡಿದುಕೊಂಡರು. "ಇಲ್ಲವಾ? ಅವಳು ಇಲ್ಲವೇ ಇಲ್ಲವಾ?" ಅಂತ ಮತ್ತೆ ಮತ್ತೆ ಕೇಳಿದರು. ಆಮೇಲೆ ಅತ್ತರು. ಮನೆಯ ಮಗಳು ಸತ್ತುಹೋದ ಸುದ್ದಿ ಕೇಳಿದವರ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಡ್ರೈವರ್ ಬಂದು ಕೈ ಹಿಡಿದು ಕರೆದುಕೊಂಡು ಹೋದ. ಹೋಗುವಾಗ ಬಟನ್ ಕಡೆ ತಿರುಗಿಯೂ ನೋಡಲಿಲ್ಲ. ಇಲ್ಲದವಳಿಗಾಗಿ ಅಷ್ಟು ಕಣ್ಣೀರು, ಇದ್ದವಳಿಗೆ ಒಂದು ಹನಿಯೂ ಇಲ್ಲ.

ಬಸ್ಸಿನಲ್ಲಿ ಬರುವಾಗ ಬಟನ್ ಕಿಟಕಿ ನೋಡುತ್ತಿದ್ದಳು. ನನ್ನ ಅಂಗಿಯ ಅಂಚಿನಿಂದ ಅವಳ ಕೆನ್ನೆಯ ಬಣ್ಣ ಒರೆಸಿದೆ. ಬೇಡ ಅನ್ನಲಿಲ್ಲ. ಆವತ್ತಿನಿಂದ ಕೆಲಸಕ್ಕೆ ಬಂದಿಲ್ಲ.

ನಿನಗೆ ಜ್ವರ ಇಳಿಯಿತಾ?

ಅಕ್ಕ


ಡಿಸೆಂಬರ್ 22

ಅಕ್ಕಾ,

ಜ್ವರ ಇರಲಿಲ್ಲ. ನಿನಗೂ ಗೊತ್ತು.

ನಿನ್ನ ಕಾಗದ ಓದಿದ ಮಾರನೆಯ ದಿನ ಆಫೀಸಿಗೆ ಹೋದೆ. ಅಲ್ಲಿ ಬೇರೆಯೇ ಮಾತು ನಡೆದಿತ್ತು. ಟ್ರಸ್ಟಿನ ಹೆಸರು ಕೆಡಿಸಿದಿರಿ ಅಂತ ಹೊಲಿಗೆಮನೆಯ ಜಾಗ ಬಿಡಿಸುವ ಯೋಚನೆ. ನಿನಗೆ ನೋಟೀಸು ಬರುತ್ತೆ, ಬಂದಿರಲೂಬಹುದು. ಇನ್ನೊಂದು, ಹೊಸ ಪೋಸ್ಟರ್. "ಈ ಸಲ ಇನ್ನಷ್ಟು ನಿಜ ಅನಿಸೋ ಹಾಗೆ ಮಾಡು" ಅಂದರು ಕಾರ್ಯದರ್ಶಿಗಳು.

ನಿಜ ಬೇಕಲ್ಲ ಅಂತ ಕೂತೆ. ಎಲ್ಲರೂ ಊಟಕ್ಕೆ ಹೋಗಿದ್ದರು. ನಾನು ಅಮ್ಮನನ್ನು ಬರೆದೆ ಅಕ್ಕಾ. ಕಡಿಮೆ ಮಾಡದೆ, ಹೆಚ್ಚು ಮಾಡದೆ ಬರೆದೆ. ಮುಚ್ಚೋಕಾಗದ ಎಡಗಣ್ಣು. ತುಟಿ ಇರಲಿಲ್ಲ, ಆದರೂ ನೀರು ಕುಡಿಸಿದಾಗ ಚಪ್ಪರಿಸುವ ಹಾಗೆ ಮಾಡುತ್ತಿದ್ದಳಲ್ಲ, ಅದು. ನೀನು ಕ್ಯಾಂಟೀನಿನ ಮ್ಯಾನೇಜರನ ಹಾಗೆ ಮಾತಾಡಿ ತೋರಿಸಿದಾಗ ಅವಳ ಹಣೆ ಮೇಲಕ್ಕೆ ಹೋಗುತ್ತಿತ್ತು. ನಗೋದಕ್ಕೆ ಅವಳಿಗೆ ಉಳಿದಿದ್ದು ಅದೊಂದೇ ಜಾಗ. ಎಲ್ಲಾ ಬರೆದೆ. ಅಷ್ಟು ವಿವರವಾಗಿ ಯಾರಿಗೂ ಹೇಳಿರಲಿಲ್ಲ, ನನ್ನ ತಮ್ಮನಿಗೂ ಹೇಳಿಲ್ಲ. ಬರೆದು ಗುಂಡಿ ಒತ್ತಿದೆ.

ಒಂದು ಸಾಲು ಬಂತು. ನೋಡುವವರ ಮನಸ್ಸಿಗೆ ಆಘಾತವಾಗುವಂಥ ಚಿತ್ರ ಮಾಡಲು ಬರುವುದಿಲ್ಲ, ವಿವರಣೆ ಬದಲಿಸಿ ಪ್ರಯತ್ನಿಸಿ.

ಬದಲಿಸಿ ಅಂತೆ. ನಮ್ಮ ಅಮ್ಮನನ್ನು.

ನನ್ನ ಒಳಗೆ ಎಷ್ಟು ಸಿಟ್ಟಿತ್ತು ಅಂತ ನನಗೆ ಆಗಲೇ ಗೊತ್ತಾದದ್ದು. ಯಂತ್ರದ ಮೇಲಲ್ಲ. ಅದು ಕಲಿತದ್ದು ನಮ್ಮಿಂದಲೇ ಅಲ್ಲವಾ? ಕಾರ್ಯದರ್ಶಿಗಳು ಬಂದಾಗ ಪರದೆಯನ್ನು ಅವರ ಕಡೆ ತಿರುಗಿಸಿ, "ಇದು ನನ್ನ ಅಮ್ಮ. ಓದಿ" ಅಂದೆ. ಅವರು ಎರಡು ಸಾಲು ಓದಿ ಕನ್ನಡಕ ತೆಗೆದರು. "ನೀನು ಸ್ವಲ್ಪ ರಜೆ ತೆಗೆದುಕೋ" ಅಂದರು. "ಪೂರ್ತಿ ಓದಿ ಸರ್" ಅಂದೆ. ಓದಲಿಲ್ಲ. ನಾನೇ ಗಟ್ಟಿಯಾಗಿ ಓದಿದೆ, ಪಕ್ಕದ ಕೋಣೆಯವರಿಗೂ ಕೇಳಿಸುವ ಹಾಗೆ. ಓದಿ ಮುಗಿಸಿ, ಚೀಲ ತೆಗೆದುಕೊಂಡು ಬಂದೆ. ಮತ್ತೆ ಹೋಗಿಲ್ಲ, ಹೋಗೋದೂ ಇಲ್ಲ.

ನೀನು ಕೇಳಿದ್ದಕ್ಕೆ ಈಗ ಉತ್ತರ ಹೇಳುತ್ತೀನಿ. ಹೇಗೆ ಮನಸ್ಸು ಬಂತು ಅಂದರೆ, ಅಮ್ಮನ ಮುಖ ನೆನಪಾಗದ ಹಾಗೆ ಬರೆಯೋದು ಸುಲಭವಾಗಿತ್ತು. ಅಷ್ಟೇ ಅಕ್ಕಾ. ಸುಲಭವಾಗಿತ್ತು.

ಬಟನ್ ಹೇಗಿದ್ದಾಳೆ? ಆ ಚಿತ್ರ ಮಾಡಿದವಳು ನಾನು ಅಂತ ಅವಳಿಗೆ ಗೊತ್ತಾ?

ಗುಬ್ಬಿ


ಜನವರಿ 12

ಗುಬ್ಬಿ,

ನಿನ್ನ ಕಾಗದವನ್ನು ಹೊಲಿಗೆಮನೆಯ ಹೊಸಿಲ ಮೇಲೆ ಕೂತು ಓದಿದೆ. ಒಳಗೆ ಕೂರೋಕೆ ಜಾಗ ಇರಲಿಲ್ಲ, ಎಲ್ಲಾ ಗಂಟು ಕಟ್ಟಿಟ್ಟಿದ್ದೆವು. ನೋಟೀಸು ಬಂತು. ಅದಕ್ಕೇನು ಅಳಲಿಲ್ಲ. ಹೆಡ್ ನರ್ಸ್ ಆಸ್ಪತ್ರೆಯ ದೊಡ್ಡ ಡಾಕ್ಟರ ಮುಂದೆ ಹೋಗಿ, "ಇವರು ಬಟ್ಟೆ ಹೊಲಿಯೋದು ನಿಲ್ಲಿಸಿದರೆ ನಮ್ಮ ರೋಗಿಗಳ ಚರ್ಮ ಹಗ್ಗದ ಹಾಗೆ ಆಗುತ್ತೆ, ಆಮೇಲೆ ನೀವೇ ಕತ್ತರಿಸುತ್ತಾ ಕೂರಿ" ಅಂತ ಜಗಳ ಆಡಿದರಂತೆ. ಈಗ ನಾವು ಆಸ್ಪತ್ರೆಯ ಹಳೆಯ ಉಗ್ರಾಣದಲ್ಲಿದ್ದೀವಿ. ಫಿನೈಲ್ ವಾಸನೆ, ಒಂದೇ ಕಿಟಕಿ. ಮಿಷನ್ನುಗಳು ಒಂದರ ಬೆನ್ನಿಗೆ ಒಂದು ತಾಗಿಕೊಂಡಿವೆ. ನನ್ನ ಹಿಂದೆ ಕೂರುವ ಮಾತುಗಾತಿ ಹುಡುಗಿ ಮಿಷನ್ ತುಳಿದರೆ ನನ್ನ ಸೂಜಿ ನಡುಗುತ್ತೆ. ಕೆಲಸ ಸಾಗ್ತಿದೆ.

ಬೇಕರಿಯವಳ ಕುತ್ತಿಗೆಗೆ ಮತ್ತೊಂದು ಆಪರೇಷನ್ ಆಗಬೇಕಂತೆ. ವ್ಯಾಯಾಮ ಬಿಡದೆ ಇದ್ದಿದ್ದರೆ ಇದು ಬೇಕಿರಲಿಲ್ಲ. ಇದಕ್ಕೆ ನಿಮ್ಮ ಆಫೀಸಿನಿಂದ ಯಾರೂ ಬಂದು ಕ್ಷಮೆ ಕೇಳಲಿಲ್ಲ. ಊರಲ್ಲಿ ಆ ಎಲೆ ಕೆನ್ನೆಯವಳು ಇನ್ನೂ ಅಳುತ್ತಲೇ ನಿಂತಿದ್ದಾಳೆ, ಬಸ್ ನಿಲ್ದಾಣದಲ್ಲಿ, ಬ್ಯಾಂಕಿನ ಗೋಡೆಯ ಮೇಲೆ. ನೋಡಿದಾಗೆಲ್ಲ ನನಗೆ ರಕ್ತ ಕುದಿಯುತ್ತೆ. ಕುದಿಯಲಿ, ತಣಿಸೋ ಆತುರ ನನಗಿಲ್ಲ.

ನಿನ್ನ ಮೇಲಿನ ಕೋಪವೂ ಪೂರ್ತಿ ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ? ಆದರೆ ನಿನ್ನ ಅಮ್ಮನ ಹಣೆ ಮೇಲಕ್ಕೆ ಹೋಗುತ್ತಿತ್ತು ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಮತ್ತೆ ಮತ್ತೆ ಓದಿದೆ. ನಾನು ಅದನ್ನು ಮರೆತೇಬಿಟ್ಟಿದ್ದೆ ಕಣೆ. ಅವರು ನಗುತ್ತಿದ್ದರು. ಹೌದು, ನಗುತ್ತಿದ್ದರು.

ಬಟನ್ ವಿಷಯ ಕೇಳಿದ್ದೀಯ. ಗೊತ್ತು ಅವಳಿಗೆ, ನಾನೇ ಹೇಳಿದೆ. "ಅವರ ಅಮ್ಮನೂ ನಮ್ಮಂಥವರಾ?" ಅಂತ ಮಾತ್ರ ಕೇಳಿದಳು.

ಈಗ ಕೆಲಸಕ್ಕೆ ಬರುತ್ತಿದ್ದಾಳೆ. ಹೇಗೆ ಬಂದಳು ಅಂತ ಹೇಳುತ್ತೀನಿ. ಮೂರು ಸಲ ಅವಳ ಮನೆಗೆ ಹೋಗಿ ವಾಪಸು ಬಂದಿದ್ದೆ. ನಾಲ್ಕನೆಯ ಸಲ ಕೂಗಾಡಲಿಲ್ಲ, ಬುದ್ಧಿ ಹೇಳಲಿಲ್ಲ. "ಉಗ್ರಾಣಕ್ಕೆ ಗುಂಡಿ ಡಬ್ಬ ಹೊರಬೇಕು, ನನ್ನ ಕೈಲಿ ಆಗ್ತಿಲ್ಲ" ಅಂದೆ. ಗೊಣಗಿಕೊಂಡು ಹೊರಟಳು. ಬಾಗಿಲ ಹತ್ತಿರ ಗೂಟದ ಮೇಲಿನ ಸ್ಕಾರ್ಫಿಗೆ ಕೈ ಹಾಕಿ, ಏನನಿಸಿತೋ, ಬಿಟ್ಟು ಬಂದಳು. ನಾನು ನೋಡದವಳ ಹಾಗಿದ್ದೆ.

ಬಸ್ಸು ತುಂಬಿತ್ತು. ನಮ್ಮ ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು, ತೊಡೆಯ ಮೇಲೆ ಮೂರೋ ನಾಲ್ಕೋ ವರ್ಷದ ಮಗಳು, ಬಾಯಲ್ಲಿ ಬಿಸ್ಕತ್ತು. ಮಗು ಬಟನ್‌ನ ಕುತ್ತಿಗೆಯನ್ನು ನೋಡಿತು, ಕಣ್ಣು ಕದಲಿಸದೆ ನೋಡಿತು. ಬಿಸ್ಕತ್ತು ಅಗಿಯೋದೂ ಮರೆತುಹೋಗಿತ್ತು ಅದಕ್ಕೆ. ಬಟನ್‌ನ ಕೈ ತಾನಾಗಿಯೇ ಇಲ್ಲದ ಸ್ಕಾರ್ಫನ್ನು ಹುಡುಕಿಕೊಂಡು ಮೇಲೆ ಹೋಯಿತು. ಅಷ್ಟರಲ್ಲಿ ಆ ತಾಯಿಗೆ ಎಚ್ಚರವಾಗಿ, ಗಾಬರಿಯಿಂದ ಮಗುವಿನ ಕಣ್ಣ ಮೇಲೆ ಅಂಗೈ ಇಟ್ಟಳು.

ನನಗೆ ಸಿಟ್ಟು ನೆತ್ತಿಗೇರಿ ಏನೋ ಅನ್ನೋಕೆ ಹೊರಟಿದ್ದೆ. ಬಟನ್ ನನ್ನ ಮೊಣಕೈ ಒತ್ತಿದಳು. ಮುಂದಕ್ಕೆ ಬಾಗಿ, ಆ ಮಡಚಿದ ಬೆರಳುಗಳಿಂದಲೇ ತಾಯಿಯ ಕೈಯನ್ನು ಮೆಲ್ಲಗೆ ಸರಿಸಿದಳು.

"ಬಿಡಿ ಅಮ್ಮ," ಅಂದಳು, "ನೋಡ್ಲಿ."

ಭಾನುವಾರ ಬಾ.

ಅಕ್ಕ